ಕಾಲುಚೀಲ ಹಾಕಿದ ಬಾಣಂತಿ

"ಕಾಲಾಗ ನರ ಉಬ್ಬಿದ್ದುವಂತ, ಅದಕ್ಕ ಹೊಟ್ಟಿ ಕೊಯ್ಸಿಕೊಂಡು ಹಡದಾಳ" ಎಂದು ನನ್ನ ಅತ್ತೆಯ ಊರಾದ ಕೊಂಕಲ್‌ನಲ್ಲಿ ಈಗಲೂ ಹೇಳುತ್ತಾರೆ. ಶುದ್ಧ ಸುಳ್ಳು.

ಯಾದಗಿರಿ, ಶಹಾಪುರ, ಸುರಪುರ ಎಂದು ಬಸ್ಸಿನಲ್ಲಿ ಕಂಡಕ್ಟರ್ ಆಗಿ ವರ್ಷಗಟ್ಟಲೆ ನಿಂತೇ ದುಡಿದವಳು ನಾನು. ಬಸುರಿಯಾದ ಆರನೆಯ ತಿಂಗಳಿಗೆ ಎಡಗಾಲಿನ ನರಗಳು ಹಾಗಲಬಳ್ಳಿಯ ಹಾಗೆ ಉಬ್ಬಿ ಹಬ್ಬಿದವು. ಡಾಕ್ಟರಮ್ಮ ತೊಡೆಯವರೆಗೆ ಬರುವ ಬಿಗಿ ಕಾಲುಚೀಲ ಬರೆದುಕೊಟ್ಟರು. ಬೆಳಿಗ್ಗೆ ಕಾಲು ನೆಲಕ್ಕಿಡುವ ಮೊದಲೇ ಹಾಕಿಕೊಳ್ಳಬೇಕು. "ಮನ್ಯಾಗ ಬೂಟಿನ ಚೀಲ ಹಾಕ್ಕೊಂಡು ತಿರಗ್ತಾಳ, ದೊಡ್ಡ ಸಾಹೇಬ್ರಂಗ" ಎಂದು ಅತ್ತೆ ಓಣಿಯ ತುಂಬ ನಗಾಡಿದರು.

ಸೀಮಂತದ ಕುಬುಸ ಮಾಡಿದ ದಿನ ಕಾಲಿಗೆ ಅರಿಶಿನ ಹಚ್ಚಲು ಹೆಂಗಸರು ಆ ಚೀಲ ಕಳಚಿಸಿದರು. ಅತ್ತೆಯ ನಗು ಅಲ್ಲೇ ಇಂಗಿತು.

"ಅಯ್ಯ ಯವ್ವಾ, ಹಡಿಯುವಾಗ ಇದು ಒಡದ್ರ ಹೆಂಗ? ಸುಮ್ನ ಹೊಟ್ಟಿ ಕೊಯ್ಸಿ ಕೂಸು ತಗಸೂಣು" ಎಂದರು. ಕುರಿಗಳ ನಡುವೆಯೇ ಬಾಳಿದ ಆಕೆ ರಕ್ತಕ್ಕೆ ಅಂಜುವವರಲ್ಲ. ನನ್ನ ರಕ್ತಕ್ಕೆ ಅಂಜಿದ್ದರು.

ನನ್ನವ್ವ ಬಿಡುತ್ತಾಳೆಯೇ? "ನಮ್ಮ ಮನಿತನದಾಗ ಯಾರ ಹೊಟ್ಟಿಗೂ ಕತ್ತಿ ತಾಗಿಲ್ಲ. ನಾ ಐದು ಹಡದೀನಿ, ಆಕಿನೂ ಹಡೀತಾಳ."

ಗಂಡ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದ. ನನಗೆ ಸಿಟ್ಟು ನೆತ್ತಿಗೇರಿತು. ಬಸ್ಸಿನಲ್ಲಿ ಸೀಟಿಗಾಗಿ ಕಿತ್ತಾಡುವವರನ್ನು ದಿನಾ ಕಂಡಿದ್ದೆ, ನಾನೇ ಸೀಟಾಗಿದ್ದು ಅದೇ ಮೊದಲು.

"ಕಾಲೂ ನಂದು, ಹೊಟ್ಟಿನೂ ನಂದು. ಡಾಕ್ಟರಮ್ಮಗ ಕೇಳಿ ನಾನೇ ಹೇಳ್ತೀನಿ. ಅಲ್ಲೀತನಕ ಯಾರೂ ಬಾಯಿ ಹಾಕಬ್ಯಾಡ್ರಿ" ಎಂದೆ.

ಮರುದಿನವೇ ಹೋಗಿ ಕೇಳಿದೆ. "ನರ ಉಬ್ಬ್ಯಾವ ಅಂತ ಕೊಯ್ಯೂದಿಲ್ಲವ್ವಾ" ಎಂದರು ಡಾಕ್ಟರಮ್ಮ. "ಕೊಯ್ದ್ರ ಕಾಲಾಗ ರಕ್ತ ಹೆಪ್ಪುಗಟ್ಟೂ ಅಂಜಿಕಿ ಇನ್ನೂ ಹೆಚ್ಚು. ಆದ್ರ ಕೂಸು ದಣದ್ರ ಕೊಯ್ಯಲೇಬೇಕು."

ಹಾಗಾದರೆ ಕೂಸು ತಾಳುವವರೆಗೆ ನಾನೇ ಹೆರುತ್ತೇನೆ, ಅದು ದಣಿದರೆ ಕೊಯ್ಯಲಿ. ಇದು ನನ್ನ ತೀರ್ಮಾನ. ಅವ್ವ, ಅತ್ತೆ ಇಬ್ಬರಿಗೂ ಹೇಳಿದೆ, ಇಬ್ಬರೂ ಮುಖ ಊದಿಸಿಕೊಂಡರು.

ದಿನ ತುಂಬಿ ಆಸ್ಪತ್ರೆ ಸೇರಿದೆ. ನಸುಕಿನಲ್ಲಿ ಶುರುವಾದ ನೋವು ಮಧ್ಯಾಹ್ನವಾದರೂ ಮುಗಿಯಲಿಲ್ಲ. ಯಾವ ನರವೂ ಒಡೆಯಲಿಲ್ಲ. ಇಳಿದದ್ದು ಕೂಸಿನ ಎದೆಬಡಿತ. ಅವ್ವ "ಇನ್ನೊಂದೀಟು ತಡೀರಿ" ಎಂದು ಕೈಮುಗಿದಳು. "ನಾ ಮೊದಲ ಹೇಳಿದ್ದಿಲ್ಲೇನು?" ಎಂದರು ಅತ್ತೆ. ನರ್ಸ್ ಕೊಯ್ಯಲು ಒಪ್ಪಿಗೆಯ ಕಾಗದವನ್ನು ಗಂಡನ ಕಡೆ ಚಾಚಿದಳು.

"ಇಲ್ಲಿ ಕೊಡ್ರಿ" ಎಂದು ಕಸಿದುಕೊಂಡು ನಾನೇ ಸಹಿ ಮಾಡಿದೆ. ಮಗಳು ಗಟ್ಟಿಯಾಗಿ ಅಳುತ್ತಲೇ ಬಂದಳು.

ಮರುದಿನ ಎದ್ದು ನಡೆಯಬೇಕು, ಇಲ್ಲದಿದ್ದರೆ ಕಾಲಿಗೆ ಅಪಾಯ ಎಂದಳು ನರ್ಸ್. "ಹಸಿ ಬಾಣಂತಿ ಹಾಸಿಗಿ ಬಿಟ್ಟು ಇಳೀಬಾರದು" ಎಂದು ಅವ್ವ ಅಡ್ಡ ನಿಂತಳು. ನಾನು ಹಟಕ್ಕೆ ಎದ್ದು ಕೂತೆ. ಹೊಲಿಗೆಯ ನೋವಿಗೆ ಬಗ್ಗಲಾಗದೆ ಕಾಲುಚೀಲ ಕೈಯಲ್ಲೇ ಉಳಿಯಿತು.

ಅತ್ತೆ ಬಂದು ಅದನ್ನು ಕಿತ್ತುಕೊಂಡರು.

"ತಡಿ, ಕಾಲು ನೆಲಕ್ಕಿಡಬ್ಯಾಡ. ಮೊದಲ ಇದು" ಎಂದು ಮಂಡಿಯೂರಿ ಕುಳಿತು, ಬೆರಳಿನಿಂದ ತೊಡೆಯವರೆಗೆ ಒಂದು ಸುಕ್ಕೂ ಉಳಿಯದಂತೆ ಎಳೆದು ಹಾಕಿದರು. ಆಮೇಲೆ ಎದ್ದು ನನ್ನವ್ವನ ಕಡೆ ತಿರುಗಿದರು.

"ಬೀಗರ, ಬಾಜೂ ಸರೀರಿ. ಆಕಿ ನಡೀತಾಳ."