ಗಾಜಕ್ಕನ ನಾಲ್ಕು ಗಂಟೆಯ ಬಿಸಿಲು

ಬೆಳಗಿನ ಆರು ಗಂಟೆ. ಎರಡನೇ ಮಹಡಿಯ ಚಿಕ್ಕ ಕೋಣೆಯ ಕಿಟಕಿಯಲ್ಲೊಂದು ಗಾಜಿನ ಪೆಟ್ಟಿಗೆ. ಅದರಲ್ಲಿ ಮೀನಿಲ್ಲ, ನೀರಿಲ್ಲ. ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಮರದ ಕುರ್ಚಿಯೊಂದಿದೆ. ಪೆಟ್ಟಿಗೆಯ ಮುಂದೆ ಗಲ್ಲಕ್ಕೆ ಕೈಕೊಟ್ಟು ಕೂತ ಹೆಂಗಸು ರೆಪ್ಪೆ ಬಡಿಯುತ್ತಿಲ್ಲ. ಹೊರಗೆ ಬೆಳಕಾದಂತೆ ಗಾಜಿನಲ್ಲಿ ಮೂಡಿದ್ದ ಕೋಣೆಯ ಬಲ್ಬು ಮಾಸುತ್ತದೆ, ಕುರ್ಚಿಯ ನೆರಳು ಉದ್ದಕ್ಕೆ ಚಾಚುತ್ತದೆ. ಅವರು ತೋರುಬೆರಳನ್ನು ಕೂದಲಿಗೆ ಸವರಿ ಗಾಜಿಗೊತ್ತುತ್ತಾರೆ. ಆಮೇಲೆ ಆ ಜಿಡ್ಡಿನ ಗುರುತನ್ನೇ ನೋಡುತ್ತ ಕೂರುತ್ತಾರೆ.

"ನನ್ನ ಸೊಸೆ ತಪಸ್ಸಿಗೆ ಕೂತಿದ್ದಾಳೆ," ಎನ್ನುತ್ತಾರೆ ಚಹಾ ತಂದ ಅತ್ತೆ, ಇವರ ಬಗ್ಗೆ ಬರೆಯಲು ಬಂದ ನನ್ನತ್ತ ತಿರುಗಿ. "ವರ ಕೊಡೋಕೆ ಬಂದೋನು ಆ ಗಾಜಿಗೇ ಡಿಕ್ಕಿ ಹೊಡೀತಾನೆ, ನೋಡ್ತಿರಿ."

ಬೀದಿಯವರೆಲ್ಲ ಇವರನ್ನು ಕರೆಯುವುದು ಗಾಜಕ್ಕ ಎಂದು. ಇನ್ನೂ ಕಟ್ಟದ ಕಟ್ಟಡವನ್ನು, ಅದರಲ್ಲೂ ಗಾಜಿನ ಗೋಡೆ, ಗಾಜಿನ ಸೂರಿನ ಹಜಾರಗಳನ್ನು, ಫೋಟೋ ತೆಗೆದಷ್ಟು ನಿಜವಾಗಿ ಕಂಪ್ಯೂಟರಿನಲ್ಲಿ ಚಿತ್ರಿಸುವುದು ಅವರ ಕೆಲಸ. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲೀತಾರಲ್ಲ, ಅದೇ ನನ್ನ ಕಸುಬು," ಎಂದು ನಗುತ್ತಾರೆ.

ಓದಿದ್ದು ಹತ್ತನೇ ತರಗತಿ. ಗಾಜು ಕತ್ತರಿಸುವ ಅಂಗಡಿಯಲ್ಲಿ ಅಳತೆ ಬರೆದುಕೊಳ್ಳುವ ಕೆಲಸಕ್ಕೆ ಸೇರಿದವರು, ಅಲ್ಲಿನ ಹಳೇ ಕಂಪ್ಯೂಟರಿನಲ್ಲೇ ತಡಕಾಡಿ ಕಲಿತರು. ಬಲ ಹೆಬ್ಬೆರಳಿನಲ್ಲಿ ಅಂಗಡಿಯ ನೆನಪಿಗೆ ಮೂರು ಗಾಯದ ಗೆರೆಗಳಿವೆ. ಒಂದು ಚಿತ್ರಕ್ಕೆ ನಾಲ್ಕು ದಿನ. ವರ್ಷಕ್ಕೆ ಎಪ್ಪತ್ತು ಚಿತ್ರ. ಹೀಗೆ ಹದಿನಾರು ವರ್ಷ. ಕಟ್ಟಡದ ಮುಂದೆ ನಿಲ್ಲಿಸುವ ಆಳೆತ್ತರದ ಫಲಕದಲ್ಲಿ ಚಿತ್ರ ಇವರದು. ಕೆಳಗೆ ಕಟ್ಟಿಸಿದವರ ಹೆಸರಿರುತ್ತದೆ, ಸಿಮೆಂಟಿನ ಹೆಸರೂ ಇರುತ್ತದೆ, ಇವರದಿಲ್ಲ.

"ಗಾಜು ಕಣ್ಣಿಗೆ ಕಾಣಲ್ಲ. ಕಾಣದೇ ಇರೋದು ಅಲ್ಲಿದೆ ಅಂತ ಅನ್ನಿಸ್ಬೇಕು. ಅದಕ್ಕೆ ಸುತ್ತ ಇರೋದೆಲ್ಲ ಅದರಲ್ಲಿ ಚೂರುಚೂರು ಮೂಡ್ಬೇಕು. ಆಮೇಲೆ ಒಂದಿಷ್ಟು ಕೊಳೆ. ಕೊಳೆ ಇಲ್ಲದ ಗಾಜನ್ನ ಯಾರೂ ನಂಬಲ್ಲ." ಅವರ ಪ್ರತಿ ಚಿತ್ರದಲ್ಲೂ ಬಾಗಿಲ ಪಕ್ಕ, ಮಗುವಿನ ಎತ್ತರಕ್ಕೆ, ಒಂದು ಅಂಗೈ ಗುರುತು ಖಾಯಂ.

ಆದರೆ ಒಮ್ಮೆ ಅವರೇ ಸುಳ್ಳು ಬರೆದರು. ಆರು ವರ್ಷದ ಹಿಂದೆ, ಕಣ್ಣಿನ ಆಸ್ಪತ್ರೆಯೊಂದರ ಗಾಜಿನ ಹಜಾರ. ರೋಗಿಗಳು ಕಾಯುವ ಜಾಗ. ಪಡುವಣ ಬಿಸಿಲು ಕುರ್ಚಿಗಳ ಮೇಲೆ ಬಿದ್ದು ಚಿತ್ರ ಕಣ್ಣಿಗೆ ಚುಚ್ಚುತ್ತಿದೆ, ಸ್ವಲ್ಪ ತಿರುಗಿಸಿ ಎಂದರು ಮಾಡಿಸಿದವರು. ಕಂಪ್ಯೂಟರಿನಲ್ಲಿ ಸೂರ್ಯನೂ ಒಂದು ಗುಂಡಿಯೇ. ತಿರುಗಿಸಿದರು. ಮೆತ್ತನೆಯ ಬೆಳಕು ಬಂತು, ಎಲ್ಲರೂ ಮೆಚ್ಚಿದರು, ಕಟ್ಟಡ ಎದ್ದಿತು.

ಎರಡು ವರ್ಷದ ಮೇಲೆ ಪೊರೆ ತೆಗೆಸಿದ ಅತ್ತೆಯನ್ನು ತಪಾಸಣೆಗೆ ಕರೆದೊಯ್ದದ್ದು ಅಲ್ಲಿಗೇ. ಮಧ್ಯಾಹ್ನ ನಾಲ್ಕು ಗಂಟೆ. ಕುರ್ಚಿಗಳು ಚಿತ್ರದಲ್ಲಿ ಇಟ್ಟ ಹಾಗೇ ಇದ್ದವು, ಕೂತವರು ಯಾರೂ ಇರಲಿಲ್ಲ. ಕಣ್ಣಿಗೆ ಹನಿ ಹಾಕಿಸಿಕೊಂಡವರೆಲ್ಲ ಗೋಡೆಯಂಚಿನ ಒಂದಡಿ ನೆರಳಿನಲ್ಲಿ ಸಾಲಾಗಿ ನಿಂತಿದ್ದರು. ಯಾವ ಪುಣ್ಯಾತ್ಮ ಕಟ್ಟಿಸಿದ್ದೋ ಎಂದು ಅತ್ತೆ ಗೊಣಗಿದರು. ಗಾಜಕ್ಕ ಎಲ್ಲ ಹೇಳಿಬಿಟ್ಟರು. ಅತ್ತೆ ಚೀಲದಿಂದ ಛತ್ರಿ ತೆಗೆದು ಕೈಗಿತ್ತರಂತೆ: "ಹಂಗಾದ್ರೆ ನೀನೇ ಹಿಡಿ."

ಸೂರಿನ ಕೆಳಗೆ ಛತ್ರಿ ಹಿಡಿದು ನಿಂತ ಆ ಮುಕ್ಕಾಲು ಗಂಟೆ ಇವರಿಗೆ ಇನ್ನೂ ಮುಗಿದಿಲ್ಲ. ಅಂದಿನಿಂದ ಸೂರ್ಯನನ್ನು ಮುಟ್ಟಿಲ್ಲ.

ಇವತ್ತು ಆ ಹಟಕ್ಕೆ ಪರೀಕ್ಷೆ. ಸಾರ್ವಜನಿಕ ಗ್ರಂಥಾಲಯಕ್ಕೊಂದು ಗಾಜಿನ ಓದುವ ಕೋಣೆ ಬರಲಿದೆ. ಅದರ ಚಿತ್ರ ಒಂಬತ್ತಕ್ಕೆ ಹೋಗಬೇಕು; ಹತ್ತಕ್ಕೆ ಸಮಿತಿಯ ಸಭೆ. ನಕ್ಷೆ ಮಾಡಿದ ಆರ್ಕಿಟೆಕ್ಟ್ ಮೇಡಂ ನಿನ್ನೆಯೇ ಹೇಳಿದ್ದಾರೆ: ಮೇಜುಗಳ ಮೇಲಿನ ಬಿಸಿಲು ತೆಗೆಯಿರಿ, ಆಗದಿದ್ದರೆ ಇನ್ನು ಮುಂದೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ. ಗಾಜಕ್ಕನಿಗೆ ಬರುವ ಹತ್ತು ಕೆಲಸದಲ್ಲಿ ಎಂಟು ಆ ಕಚೇರಿಯದ್ದೇ.

ಎಂಟೂವರೆಗೆ ಅವರು ಬಿಸಿಲನ್ನು ತೆಗೆಯುವುದಿಲ್ಲ. ಒಬ್ಬ ಮನುಷ್ಯನನ್ನು ಸೇರಿಸುತ್ತಾರೆ. ಮೂರನೇ ಮೇಜಿನ ಹತ್ತಿರ ಕೂತಿರುವ ಅವನು ಪುಸ್ತಕವನ್ನು ಓದುತ್ತಿಲ್ಲ, ತಲೆಯ ಮೇಲೆ ಹಿಡಿದುಕೊಂಡಿದ್ದಾನೆ. ಚಿತ್ರ ಕಳಿಸಿ, ಈ ಕೆಲಸ ಹೋದರೆ ಹೋಗಲಿ, ಗಾಜಿನ ಅಂಗಡಿಯಲ್ಲಿ ಅಳತೆ ಬರೆಯುವವರು ಈಗಲೂ ಬೇಕಂತೆ ಎನ್ನುತ್ತಾರೆ. ನಗುತ್ತಲೇ ಹೇಳಿದರೂ ಚಹಾದ ಲೋಟ ಕೈಯಲ್ಲೇ ತಣ್ಣಗಾಗುತ್ತದೆ.

ಹನ್ನೊಂದೂಕಾಲಿಗೆ ಫೋನು. ಮೇಡಂ ಮೊದಲು ಚೆನ್ನಾಗಿ ಬೈಯುತ್ತಾರೆ; ಕೋಣೆಯ ಈಚೆ ಕೂತ ನನಗೂ ಕೇಳಿಸುತ್ತದೆ. ಬೈದಾದ ಮೇಲೆ ನಡೆದದ್ದು ಹೇಳುತ್ತಾರೆ. ಸಮಿತಿಯ ಹಿರಿಯರೊಬ್ಬರು ಚಿತ್ರದ ಮೇಲೆ ಬೆರಳಿಟ್ಟು, ಈ ಮನುಷ್ಯ ಯಾಕೆ ಹೀಗೆ ಕೂತಿದ್ದಾನೆ ಎಂದು ಕೇಳಿದರಂತೆ. ಉತ್ತರ ಹುಡುಕುವಷ್ಟರಲ್ಲಿ ಇಡೀ ಸಭೆಗೆ ಸೆಕೆ ಹತ್ತಿತ್ತು. ಪಡುವಣ ಗೋಡೆಗೆ ಹೊರಗಿನಿಂದ ಬಿಸಿಲು ತಡೆಯುವ ಮರದ ಪಟ್ಟಿಗಳು ಬರಬೇಕು, ಮೇಜುಗಳು ಹಿಂದೆ ಸರಿಯಬೇಕು ಎಂದು ತೀರ್ಮಾನವಾಯಿತಂತೆ. ಹೊಸ ಚಿತ್ರ ಶುಕ್ರವಾರಕ್ಕೆ.

"ನಾಲ್ಕು ದಿನದ ಕೆಲಸ ಮತ್ತೆ ಮೊದಲಿಂದ," ಎನ್ನುತ್ತ ಗಾಜಕ್ಕ ಕುರ್ಚಿ ಎಳೆದುಕೊಳ್ಳುತ್ತಾರೆ. ಕಂಪ್ಯೂಟರಿನಲ್ಲಿ ಆ ಮನುಷ್ಯ ತಲೆಯ ಮೇಲಿನ ಪುಸ್ತಕ ಇಳಿಸಿ ಮೇಜಿನ ಮೇಲೆ ತೆರೆಯುತ್ತಾನೆ.

ಏನಾದರೂ ಆಸೆ ಉಂಟೇ ಎಂದು ಕೇಳುತ್ತೇನೆ. ಫಲಕದಲ್ಲಿ ಹೆಸರು ಬೇಕೆಂದಾರು ಅಂದುಕೊಂಡಿದ್ದೆ.

"ಆ ಓದೋ ಕೋಣೆ ಕಟ್ಟಿ ಮುಗಿದ ಮೇಲೆ ಒಂದಿನ ನಾಲ್ಕು ಗಂಟೆಗೆ ಹೋಗಿ ಮೂರನೇ ಮೇಜಲ್ಲಿ ಕೂತ್ಕೋಬೇಕು. ಅಷ್ಟೇ."

ನಾನೂ ಬರ್ತೀನಿ ಎಂದು ಅಡುಗೆಮನೆಯಿಂದ ಅತ್ತೆಯ ದನಿ. ಗಾಜಕ್ಕ ಪರದೆಯಿಂದ ಕಣ್ಣು ತೆಗೆಯುವುದಿಲ್ಲ.

"ಬನ್ನಿ ಅತ್ತೆ. ಛತ್ರಿ ಮನೇಲೇ ಇರ್ಲಿ."