ಚಿಕ್ಕಹನುಮಯ್ಯನ ಗೇಟು

ಮೂಡಲಪಾಳ್ಯದ ಚಿಕ್ಕಹನುಮಯ್ಯನಿಗೆ ಗೇಟು ಅಂದರೆ ಪ್ರಾಣ. ವಯಸ್ಸಿನಲ್ಲಿ ಸುಂಕದ ಕಟ್ಟೆಯಲ್ಲಿ ಗಾಡಿ ತಡೆಯುವ ಕೆಲಸ ಮಾಡಿದವನು. ಸುಂಕ ಎತ್ತುವುದನ್ನು ನಿಲ್ಲಿಸಿದ ಮೇಲೆ ಕೆಲಸ ಹೋಯಿತು, ಗತ್ತು ಹೋಗಲಿಲ್ಲ. ಮನೆ ಜಗಲಿಯ ಮೇಲೆ ಕೂತು ದಾರಿಯಲ್ಲಿ ಹೋಗುವವರನ್ನೆಲ್ಲ ಎಲ್ಲಿಗೆ, ಯಾಕೆ ಎಂದು ಕೇಳದೆ ಬಿಡುತ್ತಿರಲಿಲ್ಲ. ಊರಿನವರು ಹಿಂದಿನಿಂದ ನಗುತ್ತಿದ್ದರು, ಮುಂದೆ ನಿಂತು ಉತ್ತರವನ್ನೂ ಕೊಡುತ್ತಿದ್ದರು.

ಐವತ್ತಾರನೇ ಇಸವಿಯ ಬೇಸಿಗೆಯಲ್ಲಿ ಕೆಂಗೇರಿ ಕಡೆ ದನಗಳಿಗೆ ದೊಡ್ಡರೋಗ ಬಿತ್ತು. ಮೊದಲು ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು, ಆಮೇಲೆ ಬೇದಿ, ಆಮೇಲೆ ಕೊಟ್ಟಿಗೆ ಖಾಲಿ. ದನದ ಡಾಕ್ಟರು ಪದ್ಮನಾಭಯ್ಯನವರು ಸೈಕಲ್ಲಿನಲ್ಲಿ ಬಂದು ಅರಳಿಕಟ್ಟೆಯ ಹತ್ತಿರ ಊರನ್ನು ಸೇರಿಸಿದರು. “ಸೂಜಿಮದ್ದು ಬರೋದು ಇನ್ನೂ ತಡ ಆಗುತ್ತೆ. ಅಲ್ಲೀವರೆಗೂ ಯಾವ ಊರಿನ ದನ ಆ ಊರಲ್ಲೇ ಇರಬೇಕು. ಒಳಗೆ ಬರಬಾರದು, ಹೊರಗೂ ಹೋಗಬಾರದು. ಹುಲ್ಲೂ ಬೇಡ, ತೊಗಲೂ ಬೇಡ,” ಎಂದರು. ಕೆಂಗೇರಿಯ ದಾರಿಯೂ ರಾಜಾಜಿನಗರದ ದಾರಿಯೂ ಕೂಡುವ ಊರಬಾಗಿಲಿಗೆ ಅಡ್ಡಲಾಗಿ ಒಂದು ಬಿದಿರ ಗಳ ಕಟ್ಟಿಸಿದರು. ಕಾಯುವವರು ಯಾರು ಎಂದು ಕೇಳುವ ಮುಂಚೆಯೇ ಎಲ್ಲರೂ ಚಿಕ್ಕಹನುಮಯ್ಯನ ಕಡೆ ತಿರುಗಿದರು.

ಅವನಿಗೆ ಹೋದ ಜೀವ ಬಂದ ಹಾಗಾಯಿತು. ಆದರೆ ಆ ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. ಸುಂಕದ ಕಟ್ಟೆಯಲ್ಲಿ ಜನ ಬೈದುಕೊಂಡಾದರೂ ನಿಲ್ಲುತ್ತಿದ್ದರು. ಇಲ್ಲಿ ಇವನು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುವವರು. ಒಬ್ಬ ಮಹರಾಯ ಗಳದ ಸಹವಾಸವೇ ಬೇಡವೆಂದು ತನ್ನ ಎಮ್ಮೆಯನ್ನು ಕೆರೆಗಿಳಿಸಿ ಈಜಿಸಿಕೊಂಡು ಬಂದ. ನೀರಿನ ಮೇಲೆ ಎರಡು ಕೊಂಬು, ಒಂದು ಮೂಗು, ಹಿಂದೆ ಬಾಲ ಹಿಡಿದ ಯಜಮಾನನ ತಲೆ. ಚಿಕ್ಕಹನುಮಯ್ಯ ಏರಿಯುದ್ದಕ್ಕೂ ಓಡಿ, ಕಲ್ಲು ತೂರಿ, ಎರಡನ್ನೂ ಬಂದ ದಾರಿಗೇ ತಿರುಗಿಸಿದ. ಮದುವೆಗೆ ಹೊರಟ ದಿಬ್ಬಣದ ಎತ್ತುಗಳನ್ನು ಬಿಚ್ಚಿಸಿದಾಗ ಬೀಗರೇ ನೊಗಕ್ಕೆ ಹೆಗಲು ಕೊಟ್ಟು ಗಾಡಿ ಎಳೆದುಕೊಂಡು ಹೋದರು, ದಾರಿಯುದ್ದಕ್ಕೂ ಅವನ ವಂಶವನ್ನೆಲ್ಲ ನೆನೆದರು.

ಕೆಂಗೇರಿಯಿಂದ ತೊಗಲು ಹೇರಿಕೊಂಡು ಕೈಗಾಡಿ ತಳ್ಳಿಕೊಂಡು ಬಂದ ಮುನಿಯಣ್ಣ ಮಾತ್ರ ನಿಜವಾಗಿಯೂ ಜಗಳಕ್ಕೆ ನಿಂತ. “ಸತ್ತಿರೋ ದನಕ್ಕೆ ಎಂಥ ಗೇಟಯ್ಯ? ಇದೇನು ಎದ್ದು ಮೇಯೋಕೆ ಹೋಯ್ತದಾ?”

“ರೋಗ ತೊಗಲಲ್ಲೂ ಕೂತ್ಕೊಂಡು ಬತ್ತದೆ ಅಂತ ಡಾಕ್ಟ್ರು ಹೇಳವ್ರೆ. ತಿರುಗ್ಸು ಗಾಡಿನ!” ಎಂದು ಚಿಕ್ಕಹನುಮಯ್ಯ ಗಳ ಅಲುಗಾಡುವ ಹಾಗೆ ಕೂಗಿದ. ಮುನಿಯಣ್ಣ ಕ್ಯಾಕರಿಸಿ ಉಗಿದು ತಿರುಗಿಸಿದ.

ಇವೆಲ್ಲ ಹೊರಗಿನವರ ಮಾತು. ಅವನ ನಿಜವಾದ ಸಂಕಟ ಒಳಗಿನವರದು. ಅವನ ಅಕ್ಕ ನೀಲಮ್ಮ, ತಾಯಿ ಸತ್ತಮೇಲೆ ಇವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಗಂಡ ಹೋದಮೇಲೆ ಕೆಂಗೇರಿಯಿಂದ ತವರಿಗೆ ಬಂದು, ಕೆಂಪಿ ಎಂಬ ಒಂದೇ ಹಸುವನ್ನು ನೆಚ್ಚಿಕೊಂಡು, ತಮ್ಮನ ಕೈಯನ್ನೂ ಕಾಯದೆ ಬದುಕಿದ್ದಳು. ದಿನಾ ಬೆಳಗ್ಗೆ ಕೆಂಪಿಯನ್ನೂ ಕರುವನ್ನೂ ರಾಜಾಜಿನಗರದ ಹೊಸ ಮನೆಗಳ ಸಾಲಿಗೆ ಹೊಡೆದುಕೊಂಡು ಹೋಗಿ, ಬಾಗಿಲ ಮುಂದೆಯೇ ಕರೆದು ಕೊಡುತ್ತಿದ್ದಳು. ಅಲ್ಲಿಯವರಿಗೆ ಕಣ್ಣೆದುರು ಕರೆದದ್ದು ಮಾತ್ರ ಹಾಲು. ಪಾತ್ರೆಯಲ್ಲಿ ತಂದದ್ದು ನೀರು.

ಗಳ ಬಿದ್ದ ಮೊದಲ ದಿನವೇ ಚಿಕ್ಕಹನುಮಯ್ಯ ಅಕ್ಕನ ಹಸುವನ್ನು ತಡೆದ. ಅವಳನ್ನು ಬಿಟ್ಟರೆ ಊರು ಗಳವನ್ನೇ ಮುರಿದು ಒಲೆಗೆ ಹಾಕುತ್ತದೆಂದು ಅವನಿಗೆ ಗೊತ್ತಿತ್ತು. ನೀಲಮ್ಮ ಹಾಲನ್ನು ಚೊಂಬಿನಲ್ಲಿ ಹೊತ್ತುಕೊಂಡು ಹೋದಳು. “ಹಸು ಎಲ್ಲಮ್ಮ?” ಎಂದು ದಿನವೂ ಹಾಲು ಕೊಳ್ಳುತ್ತಿದ್ದ ಅನಂತಲಕ್ಷ್ಮಮ್ಮನವರು ಚೊಂಬಿಗೆ ಬೆರಳದ್ದಿ ನೋಡಿ ಮೂತಿ ತಿರುಗಿಸಿದರು. ಬಹಳ ಬೇಡಿಕೊಂಡ ಮೇಲೆ ಅವರೊಬ್ಬರು ಒಪ್ಪಿದರು. ಉಳಿದವರು ಕೈಬಿಟ್ಟರು. ತಮ್ಮನ ಜೊತೆ ಅವಳು ಮಾತು ಬಿಟ್ಟಳು. ಬುತ್ತಿ ಮಾತ್ರ ಗಳದ ಹತ್ತಿರ ತಂದಿಟ್ಟು ಹೋಗುತ್ತಿದ್ದಳು. ಬೈದಿದ್ದರೆ ಅವನಿಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿತ್ತು.

ಕಷ್ಟ ಒಂಟಿಯಾಗಿ ಬರುವುದಿಲ್ಲವಲ್ಲ. ಕೆಂಪಿಯ ಕರುವಿಗೆ ಹಾವು ಕಚ್ಚಿತು. ವಿಷ ಏರಿದ್ದೆಂದು ಹೆದರಿ ಅದನ್ನು ತೊಗಲು ಸುಲಿಯದೆ ಹಾಗೆಯೇ ಹೂತರು. ಕರು ಕಾಣದ ಕೆಂಪಿ ಸೊರ ಬಿಡಲಿಲ್ಲ, ಹಾಲು ಇಳಿಸಲಿಲ್ಲ. ಕೆಚ್ಚಲಿಗೆ ಕೈ ಹಾಕಿದರೆ ಒದೆಯುತ್ತಿತ್ತು, ರಾತ್ರಿ ಹಗಲು ಕೂಗುತ್ತಿತ್ತು. ಹೀಗೇ ಬಿಟ್ಟರೆ ಹಾಲು ಬತ್ತುತ್ತದೆ, ಹಾಲು ಬತ್ತಿದರೆ ನೀಲಮ್ಮನ ಒಲೆ ಆರುತ್ತದೆ. ಅದಕ್ಕೆ ಇರುವ ಉಪಾಯ ಎಲ್ಲ ಗೊಲ್ಲತಿಯರಿಗೂ ಗೊತ್ತು: ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ, ಹೊಲಿದು, ಉಪ್ಪುನೀರು ಸವರಿ ಹಸುವಿನ ಮುಂದೆ ನಿಲ್ಲಿಸುವುದು. ಹಸು ಅದನ್ನು ನೆಕ್ಕುತ್ತ ಹಾಲು ಬಿಡುತ್ತದೆ. ನೀಲಮ್ಮ ಕೆಂಗೇರಿಗೆ ನಡೆದು ವಾರಗಿತ್ತಿಯ ಮನೆಯಲ್ಲಿ ಕೇಳಿದಳು. ಅಲ್ಲಿ ಆಗತಾನೆ ಒಂದು ಎಳೆಗರು ಬೇದಿಯಾಗಿ ಸತ್ತಿತ್ತು. ಎಳೆಗರುಗಳಿಗೆ ಬೇದಿ ಯಾವ ಕಾಲಕ್ಕೆ ಇಲ್ಲ? ಅವರು ಹುಲ್ಲು ತುಂಬಿಯೇ ಕೊಟ್ಟರು.

ಸಂಜೆ ಅಕ್ಕ ಗಳದ ಹತ್ತಿರ ಬಂದಾಗ ಅವಳ ತಲೆಯ ಮೇಲೆ ಹಳೆ ಸೀರೆಯಲ್ಲಿ ಸುತ್ತಿದ ಹೊರೆ ಇತ್ತು. ಹೊರೆಯಿಂದ ನಾಲ್ಕು ಸಣ್ಣ ಕಾಲು ಚಾಚಿಕೊಂಡಿದ್ದವು. ಚಿಕ್ಕಹನುಮಯ್ಯ ಎದ್ದು ನಿಂತ.

“ಇದನ್ನೂ ತಡೀತೀಯಾ?” ಎಂದಳು ನೀಲಮ್ಮ. ಎಷ್ಟೋ ದಿನದ ಮೇಲೆ ಅವಳು ಆಡಿದ ಮೊದಲ ಮಾತು ಅದು.

ಅವನಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. “ಅಯ್ಯೋ, ಹೋಗಕ್ಕಯ್ಯ. ಇದಕ್ಕೇನು ಜೀವ ಐತಾ, ಮೇವು ಕೇಳ್ತದಾ!” ಎಂದವನೇ ಗಳವನ್ನು ಎದೆಯೆತ್ತರಕ್ಕೆ ಎತ್ತಿ ಹಿಡಿದ. ಅಕ್ಕ ಬಗ್ಗಬೇಕಾಗದ ಹಾಗೆ ಇನ್ನೂ ಮೇಲಕ್ಕೆ ಎತ್ತಿದ. ಮುನಿಯಣ್ಣನ ಗಾಡಿಯಲ್ಲಿದ್ದದ್ದು ಅವನ ಕಣ್ಣಿಗೆ ತೊಗಲು. ಅಕ್ಕನ ತಲೆಯ ಮೇಲಿದ್ದದ್ದು ಕರು, ಅದೂ ನಡೆಯಲಾರದ ಕರು. ಒಂದನ್ನೊಂದು ತಾಳೆ ಹಾಕುವ ಯೋಚನೆಯೇ ಅವನ ತಲೆಗೆ ಬರಲಿಲ್ಲ.

ಕೆಂಪಿ ಹುಲ್ಲಿನ ಕರುವನ್ನು ಮೂಸಿ, ನೆಕ್ಕಿ, ಹಾಲು ಬಿಟ್ಟಿತು. ನೀಲಮ್ಮ ಬುತ್ತಿಯ ಜೊತೆ ಒಂದು ಲೋಟ ಗಿಣ್ಣಿನಂಥ ಗಟ್ಟಿ ಹಾಲು ತಂದು ತಮ್ಮನ ಪಕ್ಕದಲ್ಲಿ ಕೂತಳು. ಆ ವಾರ ಅವನು ಯಾರ ಮೇಲೂ ಕೂಗಾಡಲಿಲ್ಲ.

ಆಮೇಲೆ ಕೆಂಪಿ ಮೇವು ಬಿಟ್ಟಿತು. ಕಣ್ಣಲ್ಲಿ ನೀರು ಇಳಿಯಿತು, ಬಾಯಿಂದ ಜೊಲ್ಲು ಎಳೆಎಳೆಯಾಗಿ ಸುರಿಯಿತು. ಸೂಜಿಮದ್ದು ಬರಲು ಇದೇ ದಿನ ಬೇಕಿತ್ತೇನೋ! ಪದ್ಮನಾಭಯ್ಯನವರು ಪೆಟ್ಟಿಗೆ ಹಿಡಿದು ಬಂದವರು ನೀಲಮ್ಮನ ಕೊಟ್ಟಿಗೆಯ ಬಾಗಿಲಲ್ಲೇ ನಿಂತುಬಿಟ್ಟರು. “ಇದಕ್ಕೆ ಇನ್ನು ಸೂಜಿ ಹಾಕಿ ಪ್ರಯೋಜನ ಇಲ್ಲ. ಊರೊಳಗೆ ಯಾವ ದನ ಬಿಟ್ರಿ?”

“ಒಂದು ನೊಣಾನೂ ಬಿಟ್ಟಿಲ್ಲ ಸ್ವಾಮಿ!” ಚಿಕ್ಕಹನುಮಯ್ಯನಿಗೆ ರೇಗಿಹೋಯಿತು. “ನೀರಾಗಿಂದ ಎಮ್ಮೆ ತಿರುಗ್ಸಿದೀನಿ, ಮದುವೆ ಗಾಡಿ ತಡದಿದೀನಿ, ಒಡಹುಟ್ಟಿದೋಳ ಹಸು ತಡದಿದೀನಿ. ನಿಮ್ಮ ಮದ್ದು ಬಂದಿದ್ದು ಈಗ. ನನ್ನೇ ಕೇಳ್ತೀರಾ?”

ಡಾಕ್ಟರ ಕಣ್ಣು ಕೆಂಪಿಯ ಮುಂದೆ ನಿಂತಿದ್ದ ಹುಲ್ಲಿನ ಕರುವಿನ ಮೇಲಿತ್ತು. “ಇದರ ತೊಗಲು ಎಲ್ಲೀದು?”

ತೊಗಲು ಎಂಬ ಮಾತು ಕಿವಿಗೆ ಬಿದ್ದದ್ದೇ ಚಿಕ್ಕಹನುಮಯ್ಯನಿಗೆ ಮುನಿಯಣ್ಣನ ಗಾಡಿ ನೆನಪಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನೀಲಮ್ಮ ಕೆಂಗೇರಿಯದು ಎಂದಳು. ತಮ್ಮನ ಹೆಸರು ಎತ್ತಲಿಲ್ಲ.

“ರೋಗ ತಂದದ್ದು ಇದೇ ಅಂತ ಆಣೆ ಮಾಡಿ ಹೇಳಲಾರೆ,” ಎಂದರು ಡಾಕ್ಟರು. “ಆದರೂ ಪಕ್ಕದ ಕೊಟ್ಟಿಗೆಗಳಿವೆ. ಈ ಹುಲ್ಲಿನ ಕರುವನ್ನ ಈಗಲೇ ಸುಡಿ.”

ಚಿಕ್ಕಹನುಮಯ್ಯ ಕರುವಿಗೆ ಕೈ ಹಾಕಿದ. ತಲೆ ಎತ್ತಲೂ ಆಗದ ಕೆಂಪಿ ನಾಲಿಗೆ ಚಾಚಿ ಅದರ ಕಿವಿ ನೆಕ್ಕುತ್ತಿತ್ತು. ನೀಲಮ್ಮ ಅವನ ಮೊಣಕೈ ಹಿಡಿದಳು. “ಇವತ್ತೊಂದಿನ ಇರ್ಲಿ ಕಣ್ಲಾ ಹನುಮ. ಅದು ಹೋಗೋಗಂಟ ಇರ್ಲಿ. ದಮ್ಮಯ್ಯ.”

“ಆಗಾಕಿಲ್ಲ ಅಕ್ಕಯ್ಯ.”

“ನಿನ್ನ ಕಾಲಿಗೆ ಬೀಳ್ತೀನಿ.”

“ಆಗಾಕಿಲ್ಲ ಅಂದ್ನಲ್ಲ!” ಎಂದು ಕಿರುಚಿ, ಅವಳ ಕೈ ಕಿತ್ತು, ಕರುವನ್ನು ಎದೆಗೆ ಅವಚಿಕೊಂಡು ಹೊರಗೆ ನಡೆದ. ಹಿತ್ತಲಿನಾಚೆ ಗುಂಡಿ ತೋಡಿ ಬೆಂಕಿ ಇಟ್ಟ. ಹುಲ್ಲು ಭಗ್ಗನೆ ಹತ್ತಿಕೊಂಡಿತು. ಕೊಟ್ಟಿಗೆಯಿಂದ ಕೆಂಪಿ ಒಮ್ಮೆ ಕೂಗಿತು, ಸ್ವಲ್ಪ ತಡೆದು ಇನ್ನೊಮ್ಮೆ ಕೂಗಿತು, ಆಮೇಲೆ ಸುಮ್ಮನಾಯಿತು.

ನೀಲಮ್ಮ ಬಂದು ಅವನ ಪಕ್ಕದಲ್ಲಿ ನಿಂತಳು. ಅಳುತ್ತಿರಲಿಲ್ಲ.

“ಅವತ್ತು ಗಳದ ತಾವೂ ಹಿಂಗೇ ಆಗಾಕಿಲ್ಲ ಅಂದಿದ್ರೆ ಆಗ್ತಿತ್ತಲ್ಲೋ,” ಎಂದಳು.