ಬಿಳಿಚೋಡು ಬಸ್ಸಿನ ಕಂಡಕ್ಟರ್ ಸಾರುವ ಸುದ್ದಿ
ಬಿಳಿಚೋಡು ಬಸ್ಸಿನ ಕಂಡಕ್ಟರ್ ತಿಪ್ಪೇಶಪ್ಪ ಮೀಸೆ ತಿರುವದೆ ಟಿಕೆಟ್ ಹರಿಯುವುದಿಲ್ಲ. ಸೀಟಿಗೆ ಜಗಳವಾಡುವವರನ್ನು ಒಂದೇ ಗದರಿಕೆಗೆ ಕೂರಿಸುತ್ತಾನೆ. ಅಂಥವನು ಈಗ ತುಂಬಿದ ಬಸ್ಸಿನಲ್ಲೇ ಸಾರುತ್ತಾನೆ: "ನನಗೆ ಗಂಡಸರ ಹಾರ್ಮೋನು ಕಮ್ಮಿ ಐತ್ರೀ! ಅದು ಕಮ್ಮಿಯಾದ್ರೆ ರಕ್ತನಾಳ ಸಡಿಲ ಇಡೋ ಅಂಶಾನೂ ಕಮ್ಮಿ ಆಗಬೌದಂತೆ, ಎದೆಗೂ ತೊಂದ್ರೆ ಆಗಬೌದಂತೆ, ಡಾಕ್ಟರೇ ಹೇಳ್ಯಾರೆ." ಜನ ನಗುತ್ತಾರೆ. "ನಗ್ರಿ, ನಗಾಕೆ ಟಿಕೆಟ್ ಇಲ್ಲ. ಆದ್ರೆ ನಲವತ್ತು ದಾಟಿದೋರು ಸುಸ್ತು ಹೋಗದಿದ್ರೆ ರಕ್ತ ಪರೀಕ್ಷೆ ಮಾಡಿಸ್ರಿ," ಎನ್ನುತ್ತಾನೆ. "ಮಾನ ಬಿಟ್ಟೀಯೇನಪ್ಪಾ?" ಎಂದು ಮುಂದಿನ ಸೀಟಿನ ಕೊಟ್ರಬಸಪ್ಪಜ್ಜ ಒಮ್ಮೆ ಕೇಳಿಯೇಬಿಟ್ಟರು. ತಿಪ್ಪೇಶಪ್ಪ ಟಿಕೆಟ್ ಹರಿದು ಅಜ್ಜನ ಕೈಗಿಟ್ಟ. ಆಮೇಲೆ ಹೇಳಿದ: "ನಮ್ಮಣ್ಣಂಗೂ ಇದೇ ಇತ್ತಜ್ಜ. ನಾಚ್ಕಂಡು ಹೆಂಡ್ತಿಗೂ ಹೇಳದೆ ಮುಚ್ಚಿಟ್ಟ. ಹೊಲದಾಗ ಎದೆ ಹಿಡ್ಕಂಡು ಬಿದ್ದ. ಮಾನಕ್ಕೆ ನಮ್ಮನೆಯಿಂದ ಒಬ್ಬನ್ನ ಕೊಟ್ಟಾಗೈತೆ. ಇನ್ನೊಬ್ಬನ್ನ ಕೊಡಾಂಗಿಲ್ಲ."